ಫಾರ್ವರ್ಡ್‌ಗೆ ಐದರ ಕಡಿವಾಣ

ವಾಟ್ಸ್ಆ್ಯಪ್ ಸಂದೇಶವನ್ನು ಒಂದೇ ಸಲಕ್ಕೆ ಐದು ಚಾಟ್‌ಗಳಿಗಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡಲು ಬರುವುದಿಲ್ಲ. ಬ್ರೆಜಿಲ್‌ನವರಿಗೂ ಜರ್ಮನಿಯವರಿಗೂ ಇದೇ ಕಟ್ಟು. ಈ ಐದರ ಲೆಕ್ಕ ಮೊದಲು ಜಾರಿಯಾದದ್ದು ಭಾರತದಲ್ಲಿ. ಅದರ ಹಿನ್ನೆಲೆಯಲ್ಲಿ ಬೀದರ್ ಜಿಲ್ಲೆಯ ಹಳ್ಳಿಯೊಂದೂ ಇದೆ.

2018ರಲ್ಲಿ ಮಕ್ಕಳ ಕಳ್ಳರ ವದಂತಿ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿತು. ಆಗ ಓಡಾಡಿದ ಒಂದು ವಿಡಿಯೊ ಪಾಕಿಸ್ತಾನದ ಕರಾಚಿಯದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಸಲಿಗೆ ಅದು ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ನಟಿಸಿ ತೆಗೆದದ್ದು. ಕೊನೆಯಲ್ಲಿ ಮಗುವನ್ನು ವಾಪಸ್ ತಂದುಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಇಲ್ಲಿಗೆ ಬರುವಷ್ಟರಲ್ಲಿ ಆ ಭಾಗವನ್ನೇ ಯಾರೋ ಕತ್ತರಿಸಿದ್ದರು.

ಆ ಜುಲೈನಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕರು ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಊರಿಗೆ ಬಂದವರು ಮಕ್ಕಳ ಕೈಗೆ ಏನಾದರೂ ಇಡುವುದು ನಮ್ಮಲ್ಲಿ ಪ್ರೀತಿಯ ರೂಢಿ. ಆ ದಿನಗಳಲ್ಲಿ ಅದೇ ಕಳ್ಳರ ಲಕ್ಷಣವಾಯಿತು. ಜನ ಮುತ್ತಿದಾಗ ಅವರು ಕಾರಿನಲ್ಲಿ ಹೊರಟರು. ಅವರು ಮಕ್ಕಳ ಕಳ್ಳರು ಎಂಬ ವಾಟ್ಸ್ಆ್ಯಪ್ ಸಂದೇಶ ಕಾರಿಗಿಂತ ಮೊದಲೇ ಮುರ್ಕಿ ಎಂಬ ಹಳ್ಳಿಯನ್ನು ತಲುಪಿತ್ತು. ಅಲ್ಲಿ ದಾರಿ ಅಡ್ಡಗಟ್ಟಿದ ಗುಂಪಿನ ಹೊಡೆತಕ್ಕೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು.

ಹಳ್ಳಿಯವರಿಗೆ ತಿಳಿವಳಿಕೆ ಸಾಲದು ಎಂದು ಮಾತು ಮುಗಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ (ನಗರದ ಅಪಾರ್ಟ್‌ಮೆಂಟ್ ಗ್ರೂಪುಗಳನ್ನು ನೋಡಿದವರೂ ಒಪ್ಪಲಾರರು). ಪತ್ರಿಕೆಯನ್ನು ಶಂಕಿಸುವವರೂ ದೊಡ್ಡಪ್ಪ ಕಳಿಸಿದ್ದನ್ನು ಶಂಕಿಸುವುದಿಲ್ಲ. ಕೈಸಾಲ, ಹೆಣ್ಣು-ಗಂಡಿನ ಸಂಬಂಧ, ಎಲ್ಲವೂ ಹೀಗೆ ಗೊತ್ತಿದ್ದವರ ಮಾತಿನ ಮೇಲೇ ನಡೆದುಬಂದಿವೆ. ಫಾರ್ವರ್ಡ್ ಮಾಡಿದ್ದು ಈ ನಂಬಿಕೆಯ ದುರುಪಯೋಗವನ್ನೇ: ಕರಾಚಿಯ ದೃಶ್ಯಕ್ಕೆ ದೊಡ್ಡಪ್ಪನ ಹೆಸರು ಅಂಟಿಕೊಂಡಿತು.

ಮಹಾರಾಷ್ಟ್ರದ ಧುಲೆ ಸೇರಿದಂತೆ ಹಲವೆಡೆ ಇಂಥ ಕೊಲೆಗಳಾಗಿ, ಕೇಂದ್ರ ಸರ್ಕಾರ ನೋಟಿಸ್ ಕೊಟ್ಟ ಮೇಲೆ, ಅದೇ ಜುಲೈನಲ್ಲಿ ವಾಟ್ಸ್ಆ್ಯಪ್ ಕಂಪನಿ ಭಾರತಕ್ಕೆ ಐದರ ಮಿತಿ ಹಾಕಿತು. 2019ರ ಜನವರಿಯಲ್ಲಿ ಅದನ್ನೇ ಜಗತ್ತಿಗೆಲ್ಲ ಅನ್ವಯಿಸಿತು. ಸುಳ್ಳನ್ನೇ ಹುಡುಕಿ ಅಳಿಸಬಾರದೇ? ಸಂದೇಶಗಳು ಗೂಢಲಿಪಿಯಲ್ಲಿ ಸಾಗುವುದರಿಂದ ಕಂಪನಿ ಅವನ್ನು ಓದಲಾರದು. ಎಷ್ಟು ಸಲ ಕೈಬದಲಾಯಿತು ಎಂಬ ಎಣಿಕೆಯನ್ನಷ್ಟೇ ಸಂದೇಶದ ಜೊತೆ ಕಟ್ಟಿ ಕಳಿಸಬಹುದು. ಹಾಗಾಗಿ ಕಡಿವಾಣ ಬಿದ್ದದ್ದು ಸಂಖ್ಯೆಗೆ. ಆಗ ಒಂದು ಗ್ರೂಪಿನಲ್ಲಿ ಹೆಚ್ಚೆಂದರೆ 256 ಜನ. ಒಂದೇ ಸಲಕ್ಕೆ ಐದು ಗ್ರೂಪಿಗೆ ಕಳಿಸಿದರೂ 1,280 ಜನರ ಒಳಗೇ ನಿಲ್ಲುತ್ತಿತ್ತು. 2020ರಲ್ಲಿ, ಹಲವು ಸಲ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದೆಂದು ಬಿಗಿ ಮಾಡಿದ ಮೇಲೆ ಅಂಥವುಗಳ ಓಟ ಶೇ 70ರಷ್ಟು ತಗ್ಗಿತು ಎಂದು ಕಂಪನಿಯೇ ಹೇಳಿತು.

ಇದು ವೇಗಕ್ಕೆ ಹಾಕಿದ ತಡೆ ಮಾತ್ರ. ಬರಹವನ್ನು ಕಾಪಿ ಮಾಡಿ ಹೊಸದಾಗಿ ಪೇಸ್ಟ್ ಮಾಡಿದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಫಾರ್ವರ್ಡ್ ಎಂಬ ಗುರುತೂ ಇಲ್ಲದ ಆ ಮಾತು ದೊಡ್ಡಪ್ಪನ ಸ್ವಂತ ಮಾತಿನಂತೆಯೇ ಕಾಣುತ್ತದೆ.