ದೆಹಲಿಯ ಹೆಸರು ಹೊತ್ತ ಕಿಣ್ವ

ದ್ವಾರಕೆಯಲ್ಲಿದ್ದು ಕನ್ನಡ ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿಯೊಂದುಂಟು. ನಾವು ಬಾಳುತ್ತಿರುವ ಮಹಾನಗರದ ಹೆಸರು ವೈದ್ಯಗ್ರಂಥಗಳಲ್ಲಿ ಒಂದು ಕಿಣ್ವಕ್ಕೆ ಅಂಟಿಕೊಂಡಿದೆ. ಹೊಸದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ, 2008ರಲ್ಲಿ, ಪ್ರಬಲ ಪ್ರತಿಜೀವಕ ಔಷಧಗಳಿಗೂ ಬಗ್ಗದ ಬ್ಯಾಕ್ಟೀರಿಯಾ ಕಂಡುಬಂದಿತು. ಔಷಧವನ್ನು ಮುರಿದು ನಿಷ್ಫಲಗೊಳಿಸುವ ಅದರ ಕಿಣ್ವಕ್ಕೆ ಸಂಶೋಧಕರು 'ನ್ಯೂ ಡೆಲ್ಲಿ ಮೆಟಲೋ-ಬೀಟಾ-ಲ್ಯಾಕ್ಟಮೇಸ್-1' ಎಂದು ಹೆಸರಿಟ್ಟರು.

ಹೆಸರು ಕೇಳಿ ದೇಶದಲ್ಲಿ ಅನೇಕರು ನೊಂದರು. ಊರಿನ ಹೆಸರನ್ನು ಇಂತಹದಕ್ಕೆ ಕಟ್ಟುವುದು ಉಚಿತವಲ್ಲವೆಂಬುದೇ ನಮ್ಮ ಮತವೂ ಆಗಿದೆ. ಆದರೆ ಹೆಸರಿನ ಮೇಲೆ ಮುನಿದ ಮಾತ್ರಕ್ಕೆ ವಸ್ತು ಇಲ್ಲವಾಗದು. 2011ರಲ್ಲಿ ಪ್ರಕಟವಾದ ಶೋಧನೆಯೊಂದು ನಗರದ 50 ನಲ್ಲಿನೀರಿನ ಮಾದರಿಗಳಲ್ಲಿ 2ರಲ್ಲಿಯೂ, ಬೀದಿಬದಿಯಲ್ಲಿ ಜಿನುಗಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿಯೂ ಈ ಕಿಣ್ವದ ವಂಶವಾಹಿಯನ್ನು ಕಂಡಿತು. ಒಂದು ಜಾತಿಯ ಬ್ಯಾಕ್ಟೀರಿಯಾ ಇದನ್ನು ಮತ್ತೊಂದು ಜಾತಿಗೆ ದಾಟಿಸಬಲ್ಲುದೆಂಬುದೇ ಭಯದ ಮೂಲ.

ಹಿಂದೆ ಸಂಶೋಧನೆಯ ಗುರಿ ಹೊಸ ಔಷಧವೊಂದೇ ಆಗಿತ್ತು. 1943ರಲ್ಲಿ ಮಣ್ಣಿನ ಜೀವಿಯಿಂದ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಆದರೆ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಮಹಾಶಯರೇ 1945ರ ನೊಬೆಲ್ ಭಾಷಣದಲ್ಲಿ, ಸಾಲದಷ್ಟು ಔಷಧ ಸೇವಿಸಿದರೆ ಸೂಕ್ಷ್ಮಜೀವಿಗಳು ಅದಕ್ಕೆ ಒಗ್ಗಿಹೋಗುವುವೆಂದು ಎಚ್ಚರಿಸಿದ್ದರು. ಇಂದು ಸಂಶೋಧಕರ ದೃಷ್ಟಿ ಆಸ್ಪತ್ರೆಯನ್ನು ದಾಟಿ ಚರಂಡಿ, ಹೊಲ, ಕೋಳಿಸಾಕಣೆಗಳವರೆಗೆ ಹರಿದಿದೆ. ಬ್ಯಾಕ್ಟೀರಿಯಾಗಳನ್ನೇ ತಿನ್ನುವ ಫೇಜ್ ಎಂಬ ವೈರಸ್ಸುಗಳತ್ತಲೂ ಅದು ತಿರುಗಿದೆ. ಗಂಗೆ ಯಮುನೆಗಳ ನೀರಿನಲ್ಲಿ ಕಾಲರಾ ಕ್ರಿಮಿ ಸಾಯುವುದನ್ನು ಹ್ಯಾಂಕಿನ್ ಎಂಬುವರು 1896ರಲ್ಲಿಯೇ ವರದಿಮಾಡಿದ್ದರು. ಅದಕ್ಕೆ ಫೇಜುಗಳೇ ಕಾರಣವಿರಬಹುದೆಂದು ಮುಂದಿನವರು ಊಹಿಸಿದರು. 2020ರಲ್ಲಿ ಗಣಕಯಂತ್ರದ ನೆರವಿನಿಂದ ಹ್ಯಾಲಿಸಿನ್ ಎಂಬ ಪ್ರತಿಜೀವಕವನ್ನು ಗುರುತಿಸಿದರು.

ಇವೆಲ್ಲ ಸ್ತುತ್ಯವೇ ಸರಿ. ಆದರೂ ಪ್ರಯೋಗಶಾಲೆಯೊಂದೇ ಈ ಭಾರವನ್ನು ಹೊರಲಾರದು. ಹೊಸ ಔಷಧವೊಂದನ್ನು ಸಿದ್ಧಪಡಿಸಲು ಅನೇಕ ವರ್ಷಗಳು ಬೇಕು. ಅದನ್ನು ಕೆಡಿಸಲು ನಮ್ಮ ಅಜಾಗ್ರತೆಯೇ ಸಾಕು. ನೆಗಡಿ ವೈರಸ್ಸಿನಿಂದ ಬರುವುದು. ಪ್ರತಿಜೀವಕಗಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗುವ ವಾಡಿಕೆ ಎಷ್ಟು ಮನೆಗಳಲ್ಲಿ ಇಲ್ಲ?

ಗುಳಿಗೆಯ ಪಟ್ಟಿಯ ಮೇಲಿನ ಕೆಂಪುಗೆರೆಯ ಅರ್ಥವನ್ನು ತಿಳಿಸಲು ಸರ್ಕಾರವು 2016ರಲ್ಲಿ ಪ್ರಚಾರ ಕೈಗೊಂಡಿತು: ವೈದ್ಯರ ಆಜ್ಞೆಯಿಲ್ಲದೆ ಇದನ್ನು ಮುಟ್ಟಬಾರದು. ವಿದ್ಯಾರ್ಥಿಗಳೇ, ಆ ಗೆರೆಯನ್ನು ಮನೆಯ ಹಿರಿಯರಿಗೆ ತೋರಿಸಿ, ಅದರ ಅರ್ಥವನ್ನು ನಮ್ಮ ನುಡಿಯಲ್ಲಿಯೇ ವಿವರಿಸಿರಿ. ಕಲಿತ ವಿಜ್ಞಾನ ಅಡಿಗೆಮನೆಯವರೆಗೆ ತಲುಪದಿದ್ದರೆ ಕನ್ನಡದಲ್ಲಿ ಕಲಿತುದರ ಸಾರ್ಥಕ್ಯವೇನು?