ಏಳು ಗಂಟೆಯ ಚೀಟಿ

ಈ ವಾರದ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ.

ನನ್ನ ಮಗಳು, ಅಳಿಯ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿದ್ದಾರೆ. ಇಬ್ಬರಿಗೂ ಹಾಯಿದೋಣಿಯ ಹುಚ್ಚು. ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಒಂದು ಭಾನುವಾರ ಇಬ್ಬರೂ ಲಿಮಿಂಗ್ಟನ್ ಎಂಬ ಪುಟ್ಟ ಊರಿನಿಂದ ದೋಣಿ ಹೊರಡಿಸಿದರು. ದಡದಲ್ಲಿ ಉಳಿದವರು ನಾನು ಮತ್ತು ಎಂಟು ವರ್ಷದ ಮೊಮ್ಮಗ.

ಹೊರಡುವ ಮೊದಲು ಅಳಿಯ ನನ್ನ ಕೈಗೆ ಒಂದು ಚೀಟಿ ಕೊಟ್ಟರು. "ಅತ್ತೆ, ಇವತ್ತು ನೀವೇ ನಮ್ಮ ದಡದ ಕಾವಲು" ಅಂದರು. ಚೀಟಿಯಲ್ಲಿ ಬರೆದದ್ದು ಇಷ್ಟು: ದೋಣಿಯ ಹೆಸರು, ಬಣ್ಣ, ದೋಣಿಯಲ್ಲಿ ಇಬ್ಬರು. 10 ಗಂಟೆಗೆ ಹೊರಡುವುದು, ವೈಟ್ ದ್ವೀಪದ ಆಲಮ್ ಕೊಲ್ಲಿಗೆ ಹೋಗಿ ಸಂಜೆ 5.30ಕ್ಕೆ ವಾಪಸು. 7 ಗಂಟೆಯಾದರೂ ಸುದ್ದಿ ಇಲ್ಲದಿದ್ದರೆ 999ಕ್ಕೆ ಫೋನ್ ಮಾಡಿ ಕರಾವಳಿ ರಕ್ಷಕರನ್ನು ಕೇಳುವುದು.

ತುಂಗಾ ನದಿ ಬಿಟ್ಟರೆ ಬೇರೆ ನೀರು ಕಾಣದ ಶಿವಮೊಗ್ಗದವಳು ನಾನು. ಚೀಟಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡೆ, ಮರೆತೆ.

ಮಧ್ಯಾಹ್ನ ಒಂದು ಫೋಟೋ ಬಂತು. ಬಣ್ಣಬಣ್ಣದ ಮರಳಿನ ದಿಬ್ಬ, ಅದರಾಚೆ ಸಮುದ್ರದಲ್ಲಿ ಸಾಲಾಗಿ ನಿಂತ ಬಿಳಿ ಬಂಡೆಗಳು. ಅವುಗಳ ಹೆಸರೇ 'ಸೂಜಿಗಳು'. ತುದಿಯಲ್ಲಿ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ. ಆಮೇಲೆ ಸುದ್ದಿಯೇ ಇಲ್ಲ.

ಐದೂವರೆ ಆಯಿತು. ಆರು ಆಯಿತು. ಅಳಿಯನ ಫೋನು ಸ್ವಿಚ್ ಆಫ್. ಮಗಳ ಫೋನು ಸಂಪರ್ಕಕ್ಕೆ ಸಿಗುತ್ತಿಲ್ಲ. ನನ್ನ ಎದೆ ಡವಡವ. "ಅಯ್ಯೋ ದೇವರೇ, ದೋಣಿಗೆ ಏನಾದರೂ ಆಯಿತೋ ಏನೋ" ಎಂದು ಬಾಯಿಬಿಟ್ಟೆ. ಮೊಮ್ಮಗನ ತುಟಿ ನಡುಗಿತು. ಮಕ್ಕಳ ಮುಂದೆ ಆಡಬಾರದ ಮಾತನ್ನು ಆಡಿಬಿಟ್ಟಿದ್ದೆ.

ಆದರೆ ಅವನು ಅಳಲಿಲ್ಲ. "ಅಜ್ಜಿ, ಚೀಟಿ ಎಲ್ಲಿ?" ಅಂದ. ಬಿಡಿಸಿ ಓದಿದ. "ಏಳು ಗಂಟೆ ಅಂತ ಇದೆ. ಈಗ ಆರು ಹತ್ತು. ಅಪ್ಪ ಸುಮ್ಮಸುಮ್ಮನೆ ಏಳು ಅಂತ ಬರೆಯಲ್ಲ. ಏಳಾದರೆ ನಾನೇ ಫೋನ್ ಒತ್ತಿಕೊಡ್ತೀನಿ."

ಇಬ್ಬರೂ ಬಂದರುಕಟ್ಟೆಯ ಬೆಂಚಿನ ಮೇಲೆ ಕೂತೆವು. ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ನನ್ನ ಗಮನ ಬೇರೆಡೆಗೆ ತಿರುಗಲಿ ಎಂದೋ ಏನೋ, ಹುಡುಗ ಶಾಲೆಯಲ್ಲಿ ಕಲಿತದ್ದನ್ನು ಹೇಳತೊಡಗಿದ.

ಅವನ ಅಪ್ಪ ಅಮ್ಮ ಹೋದ ಆಲಮ್ ಕೊಲ್ಲಿಯಲ್ಲೇ 1897ರಲ್ಲಿ ಮಾರ್ಕೋನಿ ಎಂಬ ಇಟಲಿಯ ಯುವಕ ತಂತಿಯಿಲ್ಲದೆ ಸುದ್ದಿ ಕಳಿಸುವ ಕೇಂದ್ರ ತೆರೆದ. ಆಗ ಅವನಿಗೆ ಬರೀ 23 ವರ್ಷ. ಒಂದು ಹೋಟೆಲಿನ ಬಳಿ ಎತ್ತರದ ಕಂಬ ನೆಟ್ಟು, ಸಮುದ್ರದಲ್ಲಿದ್ದ ಹಡಗುಗಳೊಂದಿಗೆ ಸಂಕೇತದಲ್ಲಿ ಮಾತಾಡಿದ. 1899ರ ನವೆಂಬರಿನಲ್ಲಿ ಅವನು ಸೇಂಟ್ ಪಾಲ್ ಹಡಗಿನಲ್ಲಿ ಅಮೆರಿಕದಿಂದ ಬರುತ್ತಿದ್ದಾಗ, ದಡ ಇನ್ನೂ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವಿರುವಾಗಲೇ ಇದೇ ಕೇಂದ್ರದಿಂದ ಸುದ್ದಿ ಬಂತು. ಅದನ್ನು ಹಡಗಿನಲ್ಲೇ ಅಚ್ಚು ಹಾಕಿ ಪುಟ್ಟ ಪತ್ರಿಕೆ ಮಾಡಿ ಮಾರಿದರಂತೆ! ಅದಕ್ಕೂ ಮೊದಲು ಹಡಗು ಕಣ್ಮರೆಯಾಯಿತು ಅಂದರೆ ಮುಗಿಯಿತು, ಅದು ಬಂದಾಗಲೇ ಸುದ್ದಿ.

6.35ಕ್ಕೆ ನನ್ನ ಫೋನು ಟಿಣ್ ಎಂದಿತು. "ಅಮ್ಮಾ, ಗಾಳಿ ಬಿದ್ದುಹೋಗಿದೆ. ನೀರು ತಿರುಗಲಿ ಅಂತ ಕಾಯ್ತಿದ್ದೀವಿ. ತಡ ಆಗತ್ತೆ, ಗಾಬರಿ ಬೇಡ." ಬರೆದದ್ದು ನಾಲ್ಕು ಗಂಟೆಗೆ! ದಿಬ್ಬದ ಮರೆಯಲ್ಲಿ ಸಿಗ್ನಲ್ ಇರಲಿಲ್ಲ. ಹೋಯಿತೆಂದುಕೊಂಡು ಮಗಳು ಫೋನನ್ನು ನೀರು ಹೋಗದ ಚೀಲಕ್ಕೆ ಹಾಕಿ ಕಟ್ಟಿಬಿಟ್ಟಿದ್ದಳು. ಅಳಿಯನ ಫೋನು ದಿನವಿಡೀ ನಕ್ಷೆ ತೋರಿಸಿ ತೋರಿಸಿ ಸತ್ತಿತ್ತು.

ದೋಣಿ ಬಂದು ಹಗ್ಗ ಕಟ್ಟಿದ ಮೇಲೆ ತಡವೇಕೆಂದು ತಿಳಿಯಿತು. ಆ ದ್ವೀಪಕ್ಕೂ ನೆಲಕ್ಕೂ ನಡುವೆ ಹರ್ಸ್ಟ್ ಕೋಟೆಯ ಬಳಿ ಜಾಗ ಬಹಳ ಕಿರಿದು. ಉಬ್ಬರ ಇಳಿತದ ನೀರು ಅಲ್ಲಿ ಕೆಲವೊಮ್ಮೆ 4 ನಾಟ್, ಅಂದರೆ ಗಂಟೆಗೆ ಏಳು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹರಿಯುತ್ತದೆ. ಗಾಳಿಯಿಲ್ಲದ ಹಾಯಿ, ಪುಟ್ಟ ಇಂಜಿನ್ ಎರಡೂ ಅದರೆದುರು ಸೋಲುತ್ತವೆ. ಲಂಗರು ಹಾಕಿ ಕಾಯುವುದೇ ಜಾಣತನ.

"ಫೋನ್ ಸತ್ತಾಗ ಹೆದರಿಕೆ ಆಗಲಿಲ್ಲವೇ?" ಅಂದೆ. ಅಳಿಯ ರೇಡಿಯೋ ತೋರಿಸಿದರು. ದೋಣಿಯಲ್ಲಿ ಅದು ಸದಾ 16ನೇ ಚಾನೆಲ್ಲಿನಲ್ಲಿರುತ್ತದೆ. ಜಗತ್ತಿನ ಎಲ್ಲ ಸಮುದ್ರಗಳಲ್ಲೂ ಆಪತ್ತಿಗೆ ಅದೇ ಚಾನೆಲ್, ನಮ್ಮ ಮಲ್ಪೆ, ಕಾರವಾರದ ಕಡಲಿನಲ್ಲೂ. ಜೀವಕ್ಕೆ ಕುತ್ತು ಬಂದರೆ ಮೂರು ಸಲ 'ಮೇಡೇ' ಎನ್ನಬೇಕು. 'ನನಗೆ ಸಹಾಯ ಮಾಡಿ' ಎಂಬ ಫ್ರೆಂಚ್ ಮಾತಿನಿಂದ ಬಂದ ಪದವಂತೆ ಅದು. ಫೋನಿನ ಮಾತು ಒಬ್ಬರಿಗೇ ಕೇಳುತ್ತದೆ. ರೇಡಿಯೋದ ಮಾತು ಸುತ್ತಲಿನ ಎಲ್ಲ ದೋಣಿಗಳಿಗೂ ಕೇಳುತ್ತದೆ, ಹತ್ತಿರವಿದ್ದವರು ಮೊದಲು ಓಡಿಬರುತ್ತಾರೆ.

"ಆದರೆ ರೇಡಿಯೋದಲ್ಲಿ ಅಮ್ಮನನ್ನು ಕರೆಯೋಕೆ ಆಗಲ್ಲವಲ್ಲ" ಎಂದು ಮಗಳು ನನ್ನ ಕೈ ಹಿಡಿದಳು. "ಮೆಸೇಜ್ ಹೋಯಿತಾ ಅಂತ ನೋಡಬೇಕಿತ್ತು, ತಪ್ಪು ನಂದು." ನನ್ನ ತಪ್ಪನ್ನು ನಾನು ಮೊಮ್ಮಗನಿಗೆ ಹೇಳಿದೆ. ಅವನು ದೊಡ್ಡ ಮನಸ್ಸು ಮಾಡಿ "ಪರವಾಗಿಲ್ಲ ಅಜ್ಜಿ" ಅಂದ.

ಅಜ್ಜ ಅಜ್ಜಿಯರೇ, ಫೋನು ಸುಮ್ಮನಾದ ಮಾತ್ರಕ್ಕೆ ಕೆಟ್ಟದ್ದೇ ಆಗಿರುವುದಿಲ್ಲ. ಆದರೆ ಯಾವಾಗಿನವರೆಗೆ ಕಾಯಬೇಕು, ಆಮೇಲೆ ಏನು ಮಾಡಬೇಕು ಎಂಬುದು ಮೊದಲೇ ಗೊತ್ತಿದ್ದರೆ ಕಾಯುವ ಮನಸ್ಸಿಗೊಂದು ಲಂಗರು ಇರುತ್ತದೆ. ನಮ್ಮ ಕಡಲಿನಲ್ಲಿ ಆಪತ್ತಾದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554. ಕರಾವಳಿಯ ಮಕ್ಕಳು ಬರೆದಿಟ್ಟುಕೊಳ್ಳಿ.

ಊರಿಗೆ ಬಂದ ಮೇಲೆ ನಾನೂ ಬದಲಾಗಿದ್ದೇನೆ. ಸಂಜೆ ವಾಕಿಂಗ್ ಹೊರಡುವಾಗ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸುತ್ತೇನೆ: ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು.

ಮಕ್ಕಳೇ, ಈ ವಾರ ನಿಮ್ಮ ಮನೆಯಲ್ಲೂ ಒಂದು ಚೀಟಿ ಬರೆಯಿರಿ. ಆಟಕ್ಕೆ ಹೋಗುವಾಗ ನಿಮ್ಮದು, ಪೇಟೆಗೆ ಹೋಗುವಾಗ ಅಜ್ಜನದು. ಬರೆದ ಹೊತ್ತಿಗೆ ಸರಿಯಾಗಿ ಬಂದವರು ಯಾರು, ತಡವಾದವರು ಯಾರು ಎಂದು ನನಗೂ ತಿಳಿಸಿ. ಅಜ್ಜಂದಿರೇ ಸೋಲುತ್ತಾರೆ ಎಂದು ನನ್ನ ಅನುಮಾನ!