ಬಳಸಿದವರ ರುಜು ಎಲ್ಲಿ?

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಜನೋಪಯೋಗಿ ಸಂಶೋಧನೆ ಭರದಿಂದ ನಡೆಯುತ್ತಿದೆಯೆಂಬ ಸುದ್ದಿಯನ್ನು ವಾಚಕರೆಲ್ಲ ಓದುತ್ತಲೇ ಇದ್ದೀರಿ. ನೀರು ಸೋಸುವ ಯಂತ್ರ, ಸೌದೆ ಉಳಿಸುವ ಒಲೆ, ಬೆಳೆ ಒಣಗಿಸುವ ಪೆಟ್ಟಿಗೆ—ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಯಂತ್ರದ ಒಂದು ಮಗ್ಗುಲಲ್ಲಿ ಪ್ರೊಫೆಸರರು, ಇನ್ನೊಂದು ಮಗ್ಗುಲಲ್ಲಿ ಮಂತ್ರಿಗಳು. ಮೂರು ವರ್ಷ ಕಳೆದ ಮೇಲೆ ಆ ಯಂತ್ರ ಎಲ್ಲಿದೆ, ಯಾರ ಮನೆಯಲ್ಲಿ ಓಡುತ್ತಿದೆ ಎಂದು ಕೇಳುವವರು ಮಾತ್ರ ಇಲ್ಲ. ಕೇಳಲೇಬೇಕೆಂಬುದು ನಮ್ಮ ವಾದ.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ತಲೆ ನರೆಯುತ್ತಿರುವ ನಮ್ಮಂಥ ಗುಮಾಸ್ತರಿಗೆ ಒಂದು ಕಾಗದದ ಪರಿಚಯ ಚೆನ್ನಾಗಿ ಉಂಟು. ಅದರ ಹೆಸರು ಯುಟಿಲೈಸೇಷನ್ ಸರ್ಟಿಫಿಕೇಟು. ಮಂಜೂರಾದ ಹಣ ಮಂಜೂರಾದ ಉದ್ದೇಶಕ್ಕೇ ಖರ್ಚಾಯಿತೆಂದು ಸಂಸ್ಥೆಯವರು ಬರೆದು, ರುಜು ಹಾಕಿ, ಮೊಹರು ಒತ್ತಿ ಕಳಿಸುವ ಪತ್ರ ಅದು. ಅದು ಬರದಿದ್ದರೆ ಮುಂದಿನ ಕಂತು ಹೋಗುವುದಿಲ್ಲ. ವ್ಯವಸ್ಥೆ ಸರಿಯಾದದ್ದೇ. ಆದರೆ ಹಣ ಬಳಕೆಯಾದುದಕ್ಕೆ ಪ್ರಮಾಣಪತ್ರ ಬೇಡುವ ನಾವು, ಆ ಹಣದಿಂದ ಹುಟ್ಟಿದ ವಸ್ತು ಬಳಕೆಯಾಯಿತೇ ಎಂಬುದಕ್ಕೆ ಏಕೆ ಒಂದು ಚೀಟಿಯನ್ನೂ ಬೇಡುವುದಿಲ್ಲ? ಮೊದಲನೆಯದಕ್ಕೆ ಲೆಕ್ಕಾಧಿಕಾರಿಯ ರುಜು ಸಾಕು. ಎರಡನೆಯದಕ್ಕೆ ಒಲೆಯ ಮುಂದೆ ಕುಳಿತ ಹೆಂಗಸಿನ ರುಜು ಬೇಕು. ಅಲ್ಲಿಯೇ ತೊಡಕು.

ಇಷ್ಟು ಹೇಳಿದೊಡನೆ ಪಂಡಿತರು ಎದ್ದು ನಿಲ್ಲುತ್ತಾರೆ: "ಎಲ್ಲ ವಿಜ್ಞಾನವೂ ನಾಳೆಯೇ ಉಪಯೋಗಕ್ಕೆ ಬರಬೇಕೆ?" ಖಂಡಿತ ಬೇಡ. ಬಿ.ಎಸ್ಸಿ. ಓದಿದ ನಮಗೆ ಅಷ್ಟು ತಿಳಿಯದೆ ಇಲ್ಲ. 1928ರಲ್ಲಿ ರಾಮನ್ ಅವರು ಬೆಳಕಿನ ಚದರಿಕೆಯನ್ನು ಪರೀಕ್ಷಿಸಿದಾಗ ಅದರಿಂದ ಯಾರಿಗೇನು ಲಾಭವೆಂದು ಕೇಳಿದ್ದರೆ ಅದು ಮೂರ್ಖ ಪ್ರಶ್ನೆಯಾಗುತ್ತಿತ್ತು. 1960ರಲ್ಲಿ ಲೇಸರ್ ಬಂದ ತರುವಾಯ ಅದೇ ಪರಿಣಾಮ ಔಷಧಗಳ ಪರೀಕ್ಷೆಗೂ ಒದಗಿತು. ಅಂಥ ಮೂಲವಿಜ್ಞಾನದ ಬಗ್ಗೆ ನಮ್ಮ ತಕರಾರಿಲ್ಲ. ರೈತನ ಹೆಸರಿನಲ್ಲಿ, ರೋಗಿಯ ಹೆಸರಿನಲ್ಲಿ, ಅಂಗವಿಕಲರ ಹೆಸರಿನಲ್ಲಿ ಅರ್ಜಿ ಬರೆದು ಹಣ ಪಡೆದು, ಕೊನೆಗೆ ಒಂದು ಪ್ರಬಂಧ ಅಚ್ಚು ಹಾಕಿಸಿ ಕೈತೊಳೆದುಕೊಳ್ಳುವವರ ಬಗ್ಗೆ ತಕರಾರು. ಯಾರ ಹೆಸರು ಹೇಳಿ ಹಣ ತಂದರೋ ಅವರಿಗೆ ಲೆಕ್ಕ ಒಪ್ಪಿಸಬೇಡವೇ?

ಹೀಗೆ ಲೆಕ್ಕ ಒಪ್ಪಿಸಿದವರು ನಮ್ಮ ನಾಡಿನಲ್ಲಿಯೇ ಇದ್ದರೆಂಬುದನ್ನು ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಅದರ ಮುಂದಾಳು ಅಮೂಲ್ಯ ರೆಡ್ಡಿಯವರು ವಿದ್ಯುತ್ ರಸಾಯನದಲ್ಲಿ ಹೆಸರು ಮಾಡಿದ್ದವರು. ತಮ್ಮ ಪ್ರಯೋಗಶಾಲೆಯಲ್ಲಿಯೇ ನೆಮ್ಮದಿಯಾಗಿ ಇರಬಹುದಾಗಿದ್ದವರು, ಸಂಗಡಿಗರೊಡನೆ ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋಗಿ ಅಲ್ಲೊಂದು ಕೇಂದ್ರ ತೆರೆದರು. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಎಷ್ಟು ಸೌದೆ ಉರಿಯುತ್ತದೆ, ನೀರಿಗೆ ಎಷ್ಟು ಹೊತ್ತು ಹೋಗುತ್ತದೆ, ಯಾರು ಹೊರುತ್ತಾರೆ ಎಂದು ಲೆಕ್ಕ ಹಾಕಿದರು. ಹಳ್ಳಿಯ ಶಕ್ತಿಯ ಬಹುಪಾಲು ಸೌದೆಯದೆಂದೂ, ಮನುಷ್ಯ ದುಡಿಮೆಯಲ್ಲಿ ಗಂಡಸರಿಗಿಂತ ಹೆಂಗಸರು ಮಕ್ಕಳ ಪಾಲೇ ಹೆಚ್ಚೆಂದೂ ಆಗ ಅಂಕಿ ಸಮೇತ ತಿಳಿಯಿತು. ಹೊಗೆಕೊಳವೆಯುಳ್ಳ 'ಅಸ್ತ್ರ ಒಲೆ' ಇದರ ಫಲ.

ಆದರೆ ನಾವು ಎತ್ತಿ ಹೇಳಬೇಕೆಂದಿರುವುದು ಅವರ ಗೆಲುವನ್ನಲ್ಲ, ಅದೇ ತಾಲ್ಲೂಕಿನ ಪುರ ಗ್ರಾಮದಲ್ಲಿ ಅವರು ಕಂಡ ಸೋಲನ್ನು. ಊರಿನ ಸಗಣಿಯನ್ನೆಲ್ಲ ಕೂಡಿಸಿ ಗೋಬರ್ ಗ್ಯಾಸ್ ಮಾಡಿ ಮನೆಮನೆಗೂ ಅಡುಗೆಗೆ ಕೊಡುವುದೆಂದು ವಿಜ್ಞಾನಿಗಳು ಯೋಜನೆ ಹಾಕಿದರು. ಗ್ಯಾಸು ಸಾಲಲಿಲ್ಲ. ಹಣ ಕೊಡದೆ ಆರಿಸಿ ತರುವ ಸೌದೆ ಇದ್ದುದರಿಂದ ಊರವರಿಗೆ ಆ ಗ್ಯಾಸಿನ ತುರ್ತೂ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಕುಡಿಯಲು ಒಳ್ಳೆಯ ನೀರು. ನಗರದ ಪಂಡಿತರು ಕಾಗದದ ಮೇಲೆ ಕಂಡ ಕಷ್ಟ ಒಂದು, ಊರವರ ಕಷ್ಟ ಇನ್ನೊಂದು! ಬೇರೆಯವರಾಗಿದ್ದರೆ "ಹಳ್ಳಿಗರು ಸಹಕರಿಸಲಿಲ್ಲ" ಎಂದು ವರದಿ ಬರೆದು ರೈಲು ಹತ್ತುತ್ತಿದ್ದರು. ಇವರು ಹತ್ತಲಿಲ್ಲ. ಅದೇ ಗ್ಯಾಸಿನಿಂದ ಇಂಜಿನ್ ಓಡಿಸಿ ವಿದ್ಯುತ್ ಮಾಡಿ, ಕೊಳವೆ ಬಾವಿಯಿಂದ ನೀರೆತ್ತಿದರು. 1987ರ ಹೊತ್ತಿಗೆ ಮನೆಗಳಿಗೆ ದೀಪವನ್ನೂ ಕೊಟ್ಟರು. ಸಗಣಿ ತಂದವರಿಗೆ ಹಣವೂ ಗೊಬ್ಬರವೂ ಸಿಕ್ಕಿತು. ಊರಿನ ಹುಡುಗರೇ ಯಂತ್ರ ನಡೆಸಿದರು. ವರ್ಷಗಟ್ಟಲೆ ಅದು ನಡೆಯಿತು. ಸೋತ ಜಾಗದಲ್ಲಿಯೇ ನಿಂತು ಕೇಳಿಸಿಕೊಂಡದ್ದರಿಂದ ಇದು ಸಾಧ್ಯವಾಯಿತು.

ನಾವಿರುವ ದೆಹಲಿಯಲ್ಲಿಯೂ ಇಂಥದೊಂದು ನಿದರ್ಶನ ಉಂಟು. ಅಂಧರ ಬಿಳಿಕೋಲು ನೆಲದ ಮೇಲಿನ ಕಲ್ಲು ಗುಂಡಿಗಳನ್ನು ತಿಳಿಸುತ್ತದೆ. ಎದೆಯೆತ್ತರಕ್ಕೆ ಬಾಗಿದ ಕೊಂಬೆಯನ್ನಾಗಲಿ, ನಿಂತ ಲಾರಿಯ ಹಿಂಭಾಗವನ್ನಾಗಲಿ ತಿಳಿಸದು. ಹೌಜ್ ಖಾಸಿನ ಐ.ಐ.ಟಿ.ಯಲ್ಲಿ ಪ್ರೊಫೆಸರ್ ಎಂ. ಬಾಲಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು, ಕಿವಿಗೆ ಕೇಳದ ಶಬ್ದತರಂಗದಿಂದ ಅಡಚಣೆ ಗುರುತಿಸಿ ಹಿಡಿಯಲ್ಲಿ ನಡುಕ ಹುಟ್ಟಿಸುವ 'ಸ್ಮಾರ್ಟ್‌ಕೇನ್' ಎಂಬ ಸಾಧನ ಮಾಡಿದರು. ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಆರಂಭವಾದ ಈ ಕೆಲಸ ಮಾರಾಟಕ್ಕೆ ಬಂದದ್ದು 2014ರಲ್ಲಿ. ನಡುವಣ ವರ್ಷಗಳೆಲ್ಲ ಅಂಧರ ಕೈಗೆ ಕೊಟ್ಟು, ಅವರ ಮಾತು ಕೇಳಿ, ತಿದ್ದುವುದರಲ್ಲಿ ಕಳೆದವು. ಒಂದೆರಡು ವರ್ಷದ ಕಂತಿನಲ್ಲಿ ಮುಗಿಯುವ ಕೆಲಸವೇ ಇದು?

ಹೀಗಿರುವಾಗ ಇಂಥವು ಬೆರಳೆಣಿಕೆಯಷ್ಟೇ ಏಕೆ? ಮಾಸ್ತರರ ಬಡ್ತಿಗೆ ಪ್ರಬಂಧಗಳ ಎಣಿಕೆ ಬೇಕು. 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ಶ್ರೇಯಾಂಕಪಟ್ಟಿಯಲ್ಲಿಯೂ ಪ್ರಬಂಧಗಳಿಗೆ ಅಂಕ ಉಂಟು. ಪುರದಂಥ ಊರಿಗೆ ನೀರು ತಂದದ್ದನ್ನು ಯಾವ ಕಾಲಮಿನಲ್ಲಿ ತುಂಬಬೇಕು? ಇನ್ನು ಕೊನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಂತೂ ಎಷ್ಟೋ ಊರುಗಳಲ್ಲಿ ಅಂಗಡಿಯಲ್ಲಿ ಸಿಗುವ ಸರಕಾಗಿದೆ: ಯಂತ್ರ, ವರದಿ, ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರ, ಮೂರೂ ಒಂದೇ ಪೊಟ್ಟಣದಲ್ಲಿ! ಅದಕ್ಕೆ ಹಣ ಎಣಿಸುವವರು ಯಾರು? ಊರು ಬಿಟ್ಟು ಬಂದು, ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಸಂಸಾರ ಮಾಡಿ, ಹೊಟ್ಟೆ ಬಟ್ಟೆ ಕಟ್ಟಿ ಮಗನನ್ನೋ ಮಗಳನ್ನೋ ಓದಿಸುತ್ತಿರುವ ತಂದೆತಾಯಿಗಳು. ನಾಲ್ಕು ವರ್ಷದ ಓದಿನಲ್ಲಿ ಸ್ವಂತ ಬುದ್ಧಿಯಿಂದ ಒಂದು ಕಷ್ಟವನ್ನು ಬಿಡಿಸುವ ಒಂದೇ ಅವಕಾಶವನ್ನು ಹಣ ಕೊಟ್ಟು ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲಿ ಲಾಭ?

ಇದಕ್ಕೆ ದಾರಿ ಇಲ್ಲದಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೂ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತ ಬಂದಿದೆ. ನಮ್ಮ ಸಲಹೆ ಎರಡೇ. ಮೊದಲನೆಯದು ಸರ್ಕಾರಕ್ಕೆ: ಜನೋಪಯೋಗಿ ಎಂದು ಹೇಳಿಕೊಂಡು ಹಣ ಪಡೆದ ಪ್ರತಿ ಯೋಜನೆಗೂ, ಮುಗಿದ ಮೂರು ವರ್ಷಕ್ಕೆ, ಬಳಸಿದವರಿಂದಲೇ ಒಂದು ಪತ್ರ ತರಿಸಿ ಕಡತಕ್ಕೆ ಸೇರಿಸಿ. "ಕೆಲಸಕ್ಕೆ ಬರಲಿಲ್ಲ, ಕಾರಣ ಇಂಥದು" ಎಂದು ಅದರಲ್ಲಿ ಬರೆದಿದ್ದರೂ ಚಿಂತೆಯಿಲ್ಲ, ಮುಂದಿನವರಿಗೆ ಅದು ದಾರಿಯಾದೀತು.

ಎರಡನೆಯದು ನಮ್ಮ ಸಂಘಕ್ಕೆ. ಪ್ರತಿವರ್ಷ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಹಾರ ಹಾಕಿ ಪುಸ್ತಕ ಕೊಡುತ್ತೇವೆ, ಅದು ನಡೆಯಲಿ. ಅದರ ಜೊತೆಗೆ, ಪ್ರಾಜೆಕ್ಟು ಮಾಡಿದ ಮಕ್ಕಳಿಗಾಗಿಯೂ ಒಂದು ಬಹುಮಾನ ಇಡೋಣ. ಅರ್ಜಿಯೊಡನೆ ಅಂಕಪಟ್ಟಿ ಬೇಡ. ಆ ವಸ್ತುವನ್ನು ಬಳಸಿದ ಒಬ್ಬ ದರ್ಜಿಯದೋ, ತರಕಾರಿ ಗಾಡಿಯವನದೋ, ಕಣ್ಣು ಮಂಜಾದ ಅಜ್ಜಿಯದೋ ನಾಲ್ಕು ಸಾಲಿನ ಕಾಗದ ಇದ್ದರೆ ಸಾಕು. ಬರುವ ವಾರ್ಷಿಕೋತ್ಸವದಿಂದಲೇ ಇದನ್ನು ಆರಂಭಿಸಬೇಕೆಂದು ಕಾರ್ಯಕಾರಿ ಸಮಿತಿಯವರನ್ನು ಆಗ್ರಹಪಡಿಸುತ್ತೇವೆ.